ಟಾರ್ಚಕ್ಕ ನೋಡಿದ ಸಿನಿಮಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟಾಕೀಸಿನ ಪಕ್ಕದ ಬಾಗಿಲನ್ನು ಭುಜದಿಂದ ದೂಡಿಕೊಂಡು ಟಾರ್ಚಕ್ಕ ಒಳಗೆ ಬರುತ್ತಾರೆ. ಕುತ್ತಿಗೆಯವರೆಗೂ ಗುಂಡಿ ಹಾಕಿದ ಸ್ವೆಟರು, ಒಂದು ಕೈಯಲ್ಲಿ ಉದ್ದನೆಯ ಟಾರ್ಚು, ಇನ್ನೊಂದರಲ್ಲಿ ಚಹಾದ ಫ್ಲಾಸ್ಕು. ಖಾಲಿ ಕುರ್ಚಿಗಳ ಸಾಲುಗಳ ಮೇಲೆ ಬೆಳಕು ಹಾಯಿಸುತ್ತಾರೆ. ಯಾರೂ ಇಲ್ಲವೆಂದು ಗೊತ್ತಿದ್ದರೂ ಹಾಯಿಸುತ್ತಾರೆ. "ಇಲ್ಲ ಅಂದ್ಕೊಂಡ ಕಡೆನೇ ಇರ್ತಾರೆ," ಎನ್ನುವುದು ಅವರ ಅನುಭವ. ಒಮ್ಮೆ ಹಿಂದಿನ ದಿನದ ಕೊನೆಯ ಆಟಕ್ಕೆ ಬಂದವರೊಬ್ಬರು ಬಾಲ್ಕನಿಯಲ್ಲಿ ಗೊರಕೆ ಹೊಡೆಯುತ್ತಿದ್ದರಂತೆ. ಎಬ್ಬಿಸಿದರೆ, ಇಂಟರ್‌ವಲ್ ಆಯಿತಾ ಎಂದು ಕೇಳಿದರಂತೆ.

ಎಲ್ಲೆಲ್ಲೋ ಸುತ್ತಿ ಬಂದ ರೀಲುಗಳು ತಗಡಿನ ಡಬ್ಬಿಗಳಲ್ಲಿ ಮೇಲಿನ ಕೋಣೆ ಸೇರಿವೆ. ಉಳಿದ ಟಾಕೀಸುಗಳೆಲ್ಲ ಕಂಪ್ಯೂಟರಿಗೆ ಬದಲಾದರೂ ಇಲ್ಲಿ ಹಳೆಯ ಪ್ರೊಜೆಕ್ಟರೇ ಏದುಸಿರು ಬಿಡುತ್ತ ಕೆಲಸ ಮಾಡುತ್ತಿದೆ. ಹಾಗಾಗಿ ಜನರಿಗೆ ತೋರಿಸುವ ಮುಂಚೆ, ಮುಂಜಾನೆ, ಪ್ರತಿ ಸಿನಿಮಾವನ್ನೂ ಒಂದು ಸಲ ಪೂರ್ತಿ ಓಡಿಸಿ ನೋಡುತ್ತಾರೆ. ಮೇಲೆ ಆಪರೇಟರ್, ಕೆಳಗೆ ಟಾರ್ಚಕ್ಕ. ಆಪರೇಟರ್ ಎಂದರೆ ಅವರ ಗಂಡನ ತಮ್ಮನೇ. ಶಬ್ದ ಕಡಿಮೆಯಾದರೆ ಟಾರ್ಚಕ್ಕ ಮೇಲಿನ ಕಿಂಡಿಯ ಕಡೆಗೆ ಒಮ್ಮೆ ಟಾರ್ಚು ಮಿನುಗಿಸುತ್ತಾರೆ, ಚಿತ್ರ ಮಸುಕಾದರೆ ಎರಡು ಸಲ. ಮುಂದಿನ ಸಾಲಿನಲ್ಲಿ ಸ್ವಲ್ಪ ಹೊತ್ತು, ಬಾಲ್ಕನಿಯ ಕೆಳಗಿನ ಮೂಲೆಯಲ್ಲಿ ಸ್ವಲ್ಪ ಹೊತ್ತು, ಬಾಗಿಲ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು, ಎಲ್ಲಿ ಏನು ಕೇಳಿಸುತ್ತದೆಂದು ಪರೀಕ್ಷಿಸುತ್ತಾರೆ. ಹಾಗೆ ಜಾಗ ಬದಲಿಸುತ್ತಲೇ ಊರಿಗೆಲ್ಲ ಮೊದಲು ಸಿನಿಮಾ ನೋಡಿ ಮುಗಿಸುತ್ತಾರೆ.

ಇವತ್ತು ಕೆಳಗೆ ಇನ್ನೊಬ್ಬರಿದ್ದಾರೆ. ವಾರದ ಪುರವಣಿಗೆ ಬರೆಯಲು ಬಂದ ಪತ್ರಿಕೆಯವರು. ಟಾರ್ಚಕ್ಕನಿಗೆ ಅವರ ಮೇಲೆ ಭರ್ತಿ ಗುಮಾನಿ. ಗುರುತಿನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, ಟಾರ್ಚನ್ನು ಒಮ್ಮೆ ಫೋಟೋದ ಮೇಲೆ, ಒಮ್ಮೆ ಮುಖದ ಮೇಲೆ ಬಿಟ್ಟು ನೋಡುತ್ತಾರೆ.

"ಫೋಟೋದಲ್ಲಿ ಕೂದಲು ಜಾಸ್ತಿ ಇದೆ," ಎನ್ನುತ್ತಾರೆ.

ಹಳೆಯ ಫೋಟೋ ಎಂದು ಪತ್ರಿಕೆಯವರು ಸಮಜಾಯಿಷಿ ಕೊಡುತ್ತಾರೆ.

"ಇರಲಿ. ನನ್ನ ಬಗ್ಗೆ ಬರೆಯೋಕೆ ಏನಿದೆ? ಮ್ಯಾನೇಜರ್ ಕಳಿಸಿರ್ತಾರೆ ನಿಮ್ಮನ್ನ. ಟ್ರಯಲ್ ನಡೆಯೋವಾಗ ಇವಳು ನಿದ್ದೆ ಮಾಡ್ತಾಳಾ ನೋಡ್ಕೊಂಡು ಬನ್ನಿ ಅಂತ."

ಅವರ ಈ ಸಂಶಯಕ್ಕೆ ಕಾರಣವಿದೆ. ಅದಕ್ಕೆ ಬರುವ ಮೊದಲು ಅವರ ಹೆಸರು ಊರಿನಲ್ಲಿ ಹೇಗೆ ಬೆಳೆಯಿತೆಂದು ತಿಳಿಯಬೇಕು. ಟಿಕೆಟ್ ಕಿಟಕಿಯ ಎದುರು ನಿಂತವರು ಒಳಗಿರುವವರನ್ನು ಕೇಳುವುದಿಲ್ಲ, ಗೇಟಿನಲ್ಲಿ ನಿಂತ ಟಾರ್ಚಕ್ಕನನ್ನು ಕೇಳುತ್ತಾರೆ. "ಹೇಗಿದೆ ಟಾರ್ಚಕ್ಕಾ?" ಅವರು ಒಂದೇ ಮಾತಿನಲ್ಲಿ ಉತ್ತರಿಸುತ್ತಾರೆ. ಕಥೆ ಬಿಟ್ಟುಕೊಡುವುದಿಲ್ಲ.

ಈಚೆಗೆ ಬಂದ ಯುದ್ಧದ ಸಿನಿಮಾಕ್ಕೆ: "ಗುಂಡು ಎಲ್ಲರಿಗೂ ತಗಲುತ್ತೆ, ಹೀರೋಗೆ ಮಾತ್ರ ದಾರಿ ಬಿಡುತ್ತೆ." ದೆವ್ವದ ಸಿನಿಮಾಕ್ಕೆ: "ದೆವ್ವ ಪಾಪ, ಒಳ್ಳೇದು. ಮನೆ ಬಾಡಿಗೆಗೆ ಕೊಟ್ಟನಲ್ಲ, ಅವನ ಮೇಲೇ ನನಗೆ ಅನುಮಾನ." ಮಕ್ಕಳಿಗಾಗಿ ಮಾಡಿದ ಬಣ್ಣದ ಗೊಂಬೆ ಸಿನಿಮಾಕ್ಕೆ: "ಮಕ್ಕಳನ್ನ ಕಳಿಸಬೇಡಿ, ನೀವೇ ಬನ್ನಿ." ಹಾಡುಗಳಿಂದ ತುಂಬಿ ತುಳುಕುತ್ತಿದ್ದ ಪ್ರೇಮಕಥೆಗೆ: "ಇಬ್ಬರೂ ಚೆನ್ನಾಗಿದ್ದಾರೆ. ಅವರಪ್ಪ ಬೇಡ ಅಂದಿದ್ದೇ ಸರಿ." ಕೆಳಗೆ ಅಕ್ಷರ ಬರುವ, ಯಾವುದೋ ದೂರದ ಭಾಷೆಯ ಸಿನಿಮಾ ಒಂದು ವಾರ ಓಡಿತ್ತು. ಒಬ್ಬ ಮುದುಕ, ಒಂದು ಸೈಕಲ್ಲು, ಮೂರು ಸಲ ಮಳೆ. ಅದಕ್ಕೆ ಅವರು ಕೊಟ್ಟ ತೀರ್ಪು, "ಏನೂ ಆಗಲ್ಲ. ಮನೆಗೆ ಹೋದ ಮೇಲೆ ಆಗುತ್ತೆ." ಆ ಮಾತು ಕೇಳಿ ಹೋದ ಬ್ಯಾಂಕಿನ ಗುಮಾಸ್ತೆಯೊಬ್ಬರು ಮರುದಿನ ಬಂದು, ರಾತ್ರಿಯಿಡೀ ನಿದ್ದೆ ಬರಲಿಲ್ಲ ಎಂದು ಜಗಳ ತೆಗೆದರಂತೆ. ಅದನ್ನು ಹೇಳುವಾಗ ಟಾರ್ಚಕ್ಕನ ಮುಖ ಅರಳುತ್ತದೆ.

ಸಿನಿಮಾ ನೋಡುವಾಗ ಅವರು ಯಾರನ್ನೂ ನಂಬುವುದಿಲ್ಲ. ಪೋಸ್ಟರಿನಲ್ಲಿ ಮನೆಮಂದಿಯೆಲ್ಲ ಹಲ್ಲು ಕಿರಿಯುತ್ತಿದ್ದರೆ ಒಳಗೆ ಯಾರೋ ಸಾಯುತ್ತಾರೆ ಎನ್ನುತ್ತಾರೆ. ಮೊದಲ ದೃಶ್ಯದಲ್ಲೇ ಯಾರಾದರೂ ಕೆಮ್ಮಿದರೆ ಅವರ ಕಡೆ ಬೆರಳು ಮಾಡುತ್ತಾರೆ. ಜೈಲಿನಿಂದ ಗಡ್ಡ ಬೋಳಿಸಿಕೊಂಡು ಬರುವ ಹೀರೋ, ಫೋನಿನಲ್ಲಿ ಎದುರಿನವರಿಗೆ ಮಾತಾಡಲು ಬಿಡದೆ "ಏನು, ಆಸ್ಪತ್ರೆಗಾ" ಎನ್ನುವ ಹೀರೋಯಿನ್ನು, ಎಲ್ಲರಿಗಿಂತ ಹೆಚ್ಚು ಒಳ್ಳೆಯವನಾದ ಗೆಳೆಯ, ಇವರೆಲ್ಲ ಅವರ ಕಣ್ಣಿನಲ್ಲಿ ಆರೋಪಿಗಳು.

ಈ ಗುಣ ಅವರಿಗೆ ಬಂದದ್ದು ಅತ್ತೆಯಿಂದ. ಮದುವೆಯಾಗಿ ಬಂದಾಗ ಈ ಟಾಕೀಸಿನಲ್ಲಿ ಟಾರ್ಚು ಹಿಡಿಯುತ್ತಿದ್ದವರು ಅವರ ಅತ್ತೆಯೇ. ಮಂಡಿನೋವು ಬಂದು ಮೆಟ್ಟಿಲು ಹತ್ತಲಾಗದೆ ಹೋದಾಗ ಸೊಸೆಯನ್ನು ಕರೆದು ಟಾರ್ಚು ಕೈಗಿಟ್ಟರು. "ಬೇರೆಯವರ ಮನೇಲಿ ಸೊಸೆಗೆ ಬೀಗದ ಕೈ ಕೊಡ್ತಾರೆ. ನನಗೆ ಇದನ್ನ ಕೊಟ್ಟರು. ಕತ್ತಲಲ್ಲಿ ಜನ ಬೇರೆ ಥರ ಇರ್ತಾರೆ, ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ತಿರು ಅಂದ್ರು," ಎಂದು ನೆನೆಯುತ್ತಾರೆ. ದಿನಕ್ಕೆ ನಾಲ್ಕು ಆಟ, ಆಟಕ್ಕೊಂದು ಕುರ್ಚಿ ಜಗಳ. ಕುಡಿದು ಬಂದವರನ್ನು ಹೊರಗೆ ಕಳಿಸುವುದೂ ಇವರೇ, ಕತ್ತಲಲ್ಲಿ ಪಕ್ಕದ ಹೆಂಗಸರ ಕಡೆ ಕೈ ಚಾಚುವವರ ಮುಖಕ್ಕೆ ನೇರವಾಗಿ ಬೆಳಕು ಬಿಟ್ಟು ಸಭೆಯ ಮುಂದೆ ನಿಲ್ಲಿಸುವುದೂ ಇವರೇ. ಗಂಡ ಬಸ್ ಡಿಪೋದಲ್ಲಿ ರಾತ್ರಿ ಪಾಳಿಯ ಮೆಕ್ಯಾನಿಕ್. ಗಂಡ ಹೆಂಡತಿ ಭೇಟಿಯಾಗುವುದು ಇಂಟರ್‌ವಲ್‌ನಷ್ಟು ಹೊತ್ತು ಎಂದು ಅವರೇ ನಗೆಯಾಡುತ್ತಾರೆ. ಕಾಲು ಊದುತ್ತದೆ, ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಆದರೆ ಇಷ್ಟು ವರ್ಷ ದುಡಿದು ಗಳಿಸಿದ್ದೇನು ಎಂದು ಕೇಳಿದರೆ ಅವರ ಉತ್ತರ ಒಂದೇ: "ನನ್ನ ಮಾತು. ಜನ ನನ್ನ ಮಾತು ಕೇಳಿ ಒಳಗೆ ಹೋಗ್ತಿದ್ರು."

ಹೋಗುತ್ತಿದ್ದರು. ಈಗ ಹೋಗುತ್ತಿಲ್ಲ. ಒಂದು ತಿಂಗಳಿಂದ ಟಾರ್ಚಕ್ಕನನ್ನು ಯಾರೂ ಏನೂ ಕೇಳುತ್ತಿಲ್ಲ.

ಆದದ್ದು ಇಷ್ಟು. ಹೋದ ತಿಂಗಳು ಅಕ್ಕ ತಮ್ಮನ ಕಥೆಯ ಸಿನಿಮಾ ಬಂದಿತ್ತು. ಮುಂಜಾನೆಯ ಟ್ರಯಲ್‌ನಲ್ಲಿ ನೋಡಿದ ಟಾರ್ಚಕ್ಕ ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದರು. ಶುರುವಾದ ಸ್ವಲ್ಪ ಹೊತ್ತಿಗೇ ಅಕ್ಕ ತಮ್ಮ ಅಪ್ಪಿಕೊಂಡು ಅಳುತ್ತಾರೆ, ಯಾಕೆಂದು ಗೊತ್ತಾಗುವುದಿಲ್ಲ. ಆಮೇಲೆ ಒಟ್ಟಿಗೆ ಓಡಾಡುತ್ತಾರೆ, ನಗುತ್ತಾರೆ. ಕೊನೆಗೆ ಒಂದು ಮನೆಯ ವಿಚಾರಕ್ಕೆ ಮಾತಿಗೆ ಮಾತು ಬೆಳೆದು ಬಾಗಿಲು ಧಡಾರನೆ ಮುಚ್ಚುತ್ತದೆ, ಬಸ್ ನಿಲ್ದಾಣದಲ್ಲಿ ಅಕ್ಕ ಒಬ್ಬಳೇ ಕೂತಿರುವಲ್ಲಿಗೆ ಮುಗಿಯುತ್ತದೆ. ಗೇಟಿನಲ್ಲಿ ಕೇಳಿದವರಿಗೆಲ್ಲ ಅವರು ಅಂದು ಹೇಳಿದ ಮಾತು, "ಇಂಥಾ ಕೊನೆ ನಾನು ನೋಡಿಲ್ಲ. ನಿಮ್ಮ ಮನೆದೇ ಅನ್ಸುತ್ತೆ. ಎರಡು ಕರ್ಚೀಫ್ ತನ್ನಿ." ಆ ಮಾತು ನಂಬಿ ಎದುರು ಬೀದಿಯ ಟೈಲರ್ ತಮ್ಮ ಅಂಗಡಿಗೆ ಬೀಗ ಹಾಕಿ, ಹೆಂಡತಿಯನ್ನೂ, ಎಷ್ಟೋ ಕಾಲದಿಂದ ಮಾತು ಬಿಟ್ಟಿದ್ದ ಸ್ವಂತ ಅಕ್ಕನನ್ನೂ ಕರೆದುಕೊಂಡು ಬಂದರು. ಒಳಗೆ ನೋಡಿದರೆ ಎಲ್ಲ ಸಿನಿಮಾಗಳ ಹಾಗೆಯೇ, ಮೊದಲು ಜಗಳ, ಕೊನೆಗೆ ಅಪ್ಪುಗೆ, ನಡುವೆ ಬಸ್ ನಿಲ್ದಾಣದಲ್ಲಿ ಅಕ್ಕ ಒಬ್ಬಳೇ ಕೂತಿರುವುದು ಬೀಳ್ಕೊಡಲು ಬಂದ ತಮ್ಮ ಚಹಾ ತರಲು ಹೋಗಿರುವುದರಿಂದ, ಅಷ್ಟೇ. ಟೈಲರ್ ಅವರ ಅಕ್ಕ ಇಂಟರ್‌ವಲ್‌ಗೇ ಎದ್ದು ಹೋದರು.

"ಯಾವ ಸಿನಿಮಾ ನೋಡಿದ್ರಿ ನೀವು? ನಮಗೆ ಹೇಳಿದ್ದು ಯಾವುದು?" ಎಂದು ಟೈಲರ್ ಗೇಟಿನಲ್ಲಿ ಎಲ್ಲರೆದುರು ಕೇಳಿದರು. ಹಣ ತಿಂದು ಹೊಗಳಿದ್ದಾಳೆ ಎಂದು ಯಾರೋ ಹಿಂದಿನಿಂದ ಹೇಳಿದರು. ಮ್ಯಾನೇಜರ್ ಅಂತೂ, "ನಿದ್ದೆ ಮಾಡಿರ್ತೀರಿ, ಕನಸು ಕಂಡಿರ್ತೀರಿ ಬಿಡಿ," ಎಂದು ನಕ್ಕರು. ಹಣದ ಮಾತಿಗಿಂತ ಆ ನಗು ಟಾರ್ಚಕ್ಕನಿಗೆ ಹೆಚ್ಚು ಚುಚ್ಚಿತು. ಮುಂದಿನ ಆಟಕ್ಕೆ ಒಳಗೆ ಹೋಗಿ ನಿಂತು ನೋಡಿದರು. ನಿಜಕ್ಕೂ ಬೇರೆಯೇ ಸಿನಿಮಾ. ಅವತ್ತಿನಿಂದ ಅವರ ಗುಮಾನಿಗೆ ಒಂದೇ ಗುರಿ.

ಟ್ರಯಲ್ ಮುಗಿದ ಮೇಲೆ ಪ್ರೊಜೆಕ್ಟರ್ ಕೋಣೆಯಲ್ಲಿ ಫ್ಲಾಸ್ಕಿನ ಚಹಾ ಮೂರು ಲೋಟಗಳಿಗೆ ಸುರಿಯುತ್ತದೆ. ಬಿಸಿ ಯಂತ್ರದ ಪಕ್ಕ ಮೈದುನ ಸ್ಟೂಲಿನ ಮೇಲೆ ಕೂತಿದ್ದಾರೆ. ಟಾರ್ಚಕ್ಕ ಈಗ ಪತ್ರಿಕೆಯವರನ್ನು ಅರ್ಧಕ್ಕರ್ಧ ನಂಬಿದ್ದಾರೆ.

"ಮ್ಯಾನೇಜರ್ ಕೆಲಸಾನೇ ಅದು," ಎನ್ನುತ್ತಾರೆ. "ಬೆಳಗ್ಗೆ ನಾನು ನೋಡಿದ ಮೇಲೆ ಸಿನಿಮಾನ ಕತ್ತರಿಸಿ ಹಿಂದುಮುಂದು ಮಾಡಿಸಿದ್ದಾರೆ. ಯಾಕೆ ಹೇಳಿ? ಅಳೋರು ಏನೂ ತಿನ್ನಲ್ಲ. ಇಂಟರ್‌ವಲ್‌ನಲ್ಲಿ ಅಂಗಡಿ ವ್ಯಾಪಾರ ಆಗಲ್ಲ. ಅದಕ್ಕೆ."

ಮೈದುನ ಲೋಟವನ್ನು ಕೆಳಗಿಡುತ್ತಾರೆ. ಜೇಬಿನಿಂದ ಹೊಸ ಕನ್ನಡಕ ತೆಗೆದು, ಒರೆಸಿ, ಮೂಗಿನ ಮೇಲೆ ಏರಿಸುತ್ತಾರೆ. ಅತ್ತಿಗೆಯ ಎದುರು ಅದನ್ನು ಹಾಕಿಕೊಳ್ಳುವುದು ಇದೇ ಮೊದಲು.

"ಅತ್ತಿಗೆ, ಯಾರೂ ಕತ್ತರಿಸಿಲ್ಲ," ಎನ್ನುತ್ತಾರೆ. "ಹಿಂದಿನ ಟಾಕೀಸಿನವರು ಎರಡು ರೀಲು ಅದಲುಬದಲು ಡಬ್ಬಿಗೆ ಹಾಕಿದ್ರು. ನಾನು ಡಬ್ಬಿ ಮೇಲಿನ ದೊಡ್ಡ ನಂಬರ್ ನೋಡಿದೆ. ರೀಲಿನ ತುದಿಯ ಸಣ್ಣ ನಂಬರ್ ನನ್ನ ಕಣ್ಣಿಗೆ ಕಾಣಲಿಲ್ಲ. ಮೂರನೇದು ಕೊನೆಗೆ ಓಡ್ತು, ಕೊನೇದು ಮೂರನೇದರ ಜಾಗದಲ್ಲಿ ಓಡ್ತು. ಮತ್ತೆ ಸುತ್ತೋವಾಗ ಗೊತ್ತಾಯ್ತು. ಮೊದಲನೇ ಆಟದ ಹೊತ್ತಿಗೆ ಸರಿ ಮಾಡಿದೆ."

"ನನಗೆ ಯಾಕೆ ಹೇಳಲಿಲ್ಲ?"

"ಕಣ್ಣು ಕಾಣಲ್ಲ ಅಂತ ಗೊತ್ತಾದ್ರೆ ಕೆಲಸ ಹೋಗುತ್ತೆ ಅಂತ ಹೆದರಿದೆ. ಆಮೇಲೆ ನಿಮಗೇ ಹೆದರಿದೆ."

ಟಾರ್ಚಕ್ಕನಿಗೆ ಸಿಟ್ಟು ಬಂದಿದೆ, ಅದು ಕಾಣುತ್ತದೆ. ಮ್ಯಾನೇಜರನ್ನು ಅನುಮಾನಿಸಿದರು, ಹಿಂದಿನಿಂದ ಮಾತಾಡಿದವರನ್ನು, ಟೈಲರನ್ನು, ಪತ್ರಿಕೆಯವರನ್ನೂ ಅನುಮಾನಿಸಿದರು. ಮನೆಯ ಮನುಷ್ಯನ ಮೇಲೆ ಮಾತ್ರ ಟಾರ್ಚು ಬಿಡಲಿಲ್ಲ.

"ಶುರುವಿನಲ್ಲಿ ಅಕ್ಕನ ಕೂದಲು ಬೆಳ್ಳಗಿತ್ತು," ಎನ್ನುತ್ತಾರೆ ಕೊನೆಗೆ. "ಆಮೇಲೆ ಕಪ್ಪಗಾಯ್ತು. ಬಣ್ಣ ಹಚ್ಕೊಂಡಿರ್ತಾಳೆ ಅಂದ್ಕೊಂಡೆ. ಈಗಿನ ಸಿನಿಮಾ ಎಲ್ಲ ಹಿಂದುಮುಂದೇ ಅಲ್ವಾ, ಮೊದಲು ಸಾಯ್ತಾರೆ, ಆಮೇಲೆ ಹುಟ್ತಾರೆ." ಪತ್ರಿಕೆಯವರು ನಗು ತಡೆಯಲಾರದೆ ಚಹಾ ಚೆಲ್ಲಿಕೊಳ್ಳುತ್ತಾರೆ. ಟಾರ್ಚಕ್ಕನೂ ನಗುತ್ತಾರೆ, ಆದರೆ ಬೇಗ ನಿಲ್ಲಿಸುತ್ತಾರೆ. "ತಪ್ಪಾದ್ರೂ ಅದೇ ಚೆನ್ನಾಗಿತ್ತು ಕಣೋ. ನೀನೂ ನೋಡಿದೆಯಲ್ಲ."

"ಚೆನ್ನಾಗಿತ್ತು ಅತ್ತಿಗೆ," ಎಂದು ಮೈದುನ ಒಪ್ಪುತ್ತಾರೆ. ಪತ್ರಿಕೆಯವರ ಕಡೆ ತಿರುಗಿ, "ಇದನ್ನ ಬರ್ಕೊಳ್ಳಿ. ತಪ್ಪು ಅತ್ತಿಗೆದಲ್ಲ, ನಂದು," ಎನ್ನುತ್ತಾರೆ. ಮ್ಯಾನೇಜರಿಗೆ ಹೇಳಲು ಮೆಟ್ಟಿಲು ಇಳಿದು ಅವರೇ ಹೋಗುತ್ತಾರೆ. ಮ್ಯಾನೇಜರ್ ಬೈಯುತ್ತಾರೆ, ಬಾಗಿಲಿನ ಹೊರಗೂ ಕೇಳಿಸುವಷ್ಟು ಬೈಯುತ್ತಾರೆ. ಆದರೆ ಈ ಮುದಿ ಯಂತ್ರದ ಚಾಳಿ ಬಲ್ಲವರು ಬೇರೆ ಯಾರೂ ಇಲ್ಲವಾದ್ದರಿಂದ, ಇನ್ನು ಮುಂದೆ ಕನ್ನಡಕ ಮೂಗಿನಿಂದ ಇಳಿಯಕೂಡದು ಎಂಬಲ್ಲಿಗೆ ಮಾತು ನಿಲ್ಲುತ್ತದೆ.

ಟಾರ್ಚಕ್ಕನಿಗೆ ಅಷ್ಟು ಸಾಲದು. "ಮ್ಯಾನೇಜರಿಗೆ ಹೇಳಿದ್ರೆ ಏನು ಬಂತು? ಸಂಜೆ ಗೇಟಿಗೆ ಬಂದು ಹೇಳು. ನಾನು ಹೇಳಿದ್ರೆ ಯಾರೂ ನಂಬಲ್ಲ," ಎಂದು ಪಟ್ಟು ಹಿಡಿಯುತ್ತಾರೆ.

ಸಂಜೆಯ ಆಟಕ್ಕೆ ಜನ ಸೇರುತ್ತಿದ್ದಾರೆ. ಎಂದೂ ಕೆಳಗಿಳಿದು ಜನರ ನಡುವೆ ನಿಲ್ಲದ ಆಪರೇಟರ್ ಇವತ್ತು ಗೇಟಿನಲ್ಲಿ, ಅತ್ತಿಗೆಯ ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ನಿಂತಿದ್ದಾರೆ. ಅಂಗಡಿ ಮುಚ್ಚಿ, ಎಂದಿನಂತೆ ಮುಖ ತಿರುಗಿಸಿಕೊಂಡು ಹೊರಟ ಟೈಲರನ್ನು ಕೂಗಿ ನಿಲ್ಲಿಸುತ್ತಾರೆ. ಡಬ್ಬಿಯ ಕಥೆ ಹೇಳುತ್ತಾರೆ. ಎರಡು ಸಲ ಮಾತು ತಡವರಿಸುತ್ತದೆ. ಸಾಲಿನಲ್ಲಿ ನಿಂತವರು ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಾರೆ.

"ಅಂದ್ರೆ ಇವರು ನೋಡಿದ್ದರಲ್ಲಿ ಜಗಳ ಆಗೋದು ಕೊನೆಗೆ?" ಎಂದು ಟೈಲರ್ ಕೇಳುತ್ತಾರೆ.

"ಹೌದು. ಅಕ್ಕ ಒಬ್ಬಳೇ ಕೂತಿರ್ತಾಳೆ."

"ಅದನ್ನ ನೋಡಿದ್ರೆ ನಮ್ಮಕ್ಕ ಎದ್ದು ಹೋಗ್ತಿರಲಿಲ್ಲ," ಎನ್ನುತ್ತಾರೆ ಟೈಲರ್. ಆಮೇಲೆ ಟಾರ್ಚಕ್ಕನ ಮುಖವನ್ನೇ ನೋಡುತ್ತ, ಒಂದು ತಿಂಗಳಿಂದ ಯಾರೂ ಕೇಳದ ಪ್ರಶ್ನೆ ಕೇಳುತ್ತಾರೆ. "ಇವತ್ತಿನದು ಹೇಗಿದೆ?"

ಇವತ್ತಿನದು ಕೊಲೆಯ ಸಿನಿಮಾ. ಕಿಟಕಿಯ ಒಳಗಿನಿಂದ ಮ್ಯಾನೇಜರ್ ಕತ್ತು ಚಾಚಿ, ಹೊಗಳು ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದಾರೆ. ಟಾರ್ಚಕ್ಕ ಮೈದುನನ ಕಡೆ ತಿರುಗುತ್ತಾರೆ.

"ರೀಲಿನ ನಂಬರ್ ನೋಡಿದೆಯಾ?"

"ಎಲ್ಲಾ ನೋಡಿದೆ ಅತ್ತಿಗೆ."

"ಸಣ್ಣ ನಂಬರು?"

"ಅದೇ ನೋಡಿದ್ದು."

ಆಗ ಟೈಲರ್ ಕಡೆ ತಿರುಗಿ ತೀರ್ಪು ಕೊಡುತ್ತಾರೆ. "ಕೊಲೆ ಯಾರು ಮಾಡಿದ್ರು ಅಂತ ಪೊಲೀಸರಿಗೂ ಗೊತ್ತಿಲ್ಲ, ಸಿನಿಮಾ ಮಾಡಿದವರಿಗೂ ಗೊತ್ತಿಲ್ಲ. ಬೇಡ ಅಣ್ಣ, ಮನೆಗೆ ಹೋಗಿ."

ಟೈಲರ್ ಜೇಬಿಗೆ ಹಾಕಿದ್ದ ಕೈಯನ್ನು ಹೊರಗೆ ತೆಗೆಯುತ್ತಾರೆ. "ಸರಿ ಟಾರ್ಚಕ್ಕ," ಎಂದು ಹೇಳಿ ಮನೆಯ ಕಡೆ ಹೊರಡುತ್ತಾರೆ. ಅವರ ಹಿಂದೆಯೇ ಸಾಲಿನಿಂದ ಇನ್ನಿಬ್ಬರು ಕದಲುತ್ತಾರೆ. ಮ್ಯಾನೇಜರ್ ಹಣೆಗೆ ಕೈ ಹಚ್ಚಿಕೊಳ್ಳುತ್ತಾರೆ.

ಟಾರ್ಚಕ್ಕ ಮಾತ್ರ, ಬೀದಿಯ ತಿರುವಿನಲ್ಲಿ ಟೈಲರ್ ಮರೆಯಾಗುವವರೆಗೂ ನೋಡುತ್ತ ನಿಂತಿದ್ದಾರೆ. ಕಣ್ಣು ತುಂಬಿದೆ, ಅದನ್ನು ಮರೆಮಾಡುವ ಪ್ರಯತ್ನವೂ ಇಲ್ಲ. ಪತ್ರಿಕೆಯವರನ್ನು ಮೊಣಕೈಯಿಂದ ತಿವಿದು ಪಿಸುಮಾತಿನಲ್ಲಿ ಹೇಳುತ್ತಾರೆ.

"ಇದನ್ನೂ ಬರ್ಕೊಳ್ಳಿ. ನನ್ನ ಮಾತು ಕೇಳಿ ವಾಪಸ್ ಹೋದ್ರು."