ತಣ್ಣಗಾದ ಮಾಲು

ಸ್ಫೋಟಕದ ಮಾಲನ್ನು ಓವನ್ನಿನಲ್ಲಿಟ್ಟು, ಎಷ್ಟು ಬಿಸಿಗೆ ಸಿಡಿಯುತ್ತದೆ ಅಂತ ನೋಡುವುದು ನನ್ನ ಕಸುಬು. ಗೋದಾಮಿಗೆ ಬೆಂಕಿ ಬಿದ್ದರೆ ಓಡಿಹೋಗಲು ಜನಕ್ಕೆ ಎಷ್ಟು ಹೊತ್ತು ಸಿಕ್ಕೀತು ಅನ್ನುವುದು ಇದರಿಂದ ಗೊತ್ತಾಗುತ್ತದೆ. ಕೇಳಲಿಕ್ಕೆ ಭಾರಿ ಗಂಡೆದೆಯ ಕೆಲಸ. ನಿಜ ಹೇಳಬೇಕೆಂದರೆ, ಓವನ್ ಇರುವುದು ಅಂಗಳದಾಚೆಯ ಕೋಣೆಯಲ್ಲಿ. ನಾನಿರುವುದು ದಪ್ಪ ಕಾಂಕ್ರೀಟ್ ಗೋಡೆಯ ಹಿಂದೆ, ಕಂಪ್ಯೂಟರ್ ಪರದೆ ನೋಡುತ್ತಾ, ಆಕಳಿಸುತ್ತಾ. ಬಿಸಿ ಏರುವುದು ಗಂಟೆಗೆ ಮೂರ್ನಾಲ್ಕು ಡಿಗ್ರಿ ಮಾತ್ರ.

ಕೆಲವು ಮಾಲು ಸಿಡಿಯುವುದೇ ಇಲ್ಲ. ಆಗ ಓವನ್ ಆರಿಸಿ, ಪೂರ್ತಿ ತಣ್ಣಗಾಗುವವರೆಗೆ ಯಾರೂ ಹತ್ತಿರ ಹೋಗುವಂತಿಲ್ಲ. ತಣ್ಣಗಾದ ಮೇಲೂ ನಂಬುವಂತಿಲ್ಲ. ಒಳಗೆಲ್ಲ ಬಿರುಕು ಬಿಟ್ಟಿರುತ್ತದೆ, ಸಣ್ಣ ಪೆಟ್ಟಿಗೂ ಸಿಡಿದೀತು. ಹೊಸದಾಗಿ ಸೇರಿದವರಿಗೆಲ್ಲ ಈ ಪಾಠವನ್ನು ತಲೆ ಚಿಟ್ಟು ಹಿಡಿಯುವಷ್ಟು ಸಲ ಹೇಳುವವನು ನಾನೇ.

ಮನೆಯಲ್ಲಿ ಮಾತ್ರ ಅರ್ಧ ಪಾಠ ಪಾಲಿಸುತ್ತಿದ್ದೆ. ಈ ಕೆಲಸ ಬಿಟ್ಟು ಆಫೀಸಿನ ಕುರ್ಚಿ ಕೇಳಿ ಅಂತ ಹೆಂಡತಿ ವರ್ಷಗಟ್ಟಲೆ ಗೋಗರೆದಳು. ಅವಳ ದನಿ ಏರಿತೋ, ನಾನು ಚಪ್ಪಲಿ ಮೆಟ್ಟಿ ವಾಕಿಂಗ್ ಹೊರಟೆ. ವಾಪಸ್ ಬರುವಷ್ಟರಲ್ಲಿ ತಣ್ಣಗಾಗಿ ಊಟ ಬಡಿಸುತ್ತಿದ್ದಳು. ಈ ವರ್ಷವಂತೂ ಆ ಮಾತೇ ಎತ್ತಲಿಲ್ಲ. ಗೆದ್ದೆ ಅಂದುಕೊಂಡೆ. ಹೆಂಡತಿಯನ್ನು ಸಂಭಾಳಿಸುವುದು ಹೇಗೆಂದು ಕ್ಯಾಂಟೀನಿನಲ್ಲಿ ಭಾಷಣ ಬೇರೆ ಬಿಗಿದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮೊನ್ನೆ ಸಾಹೇಬರು ಕರೆದು, ಆಫೀಸಿನಲ್ಲಿ ಒಂದು ಕುರ್ಚಿ ಖಾಲಿಯಿದೆ, ಬೇಕಾ ಎಂದರು. ಬೇಡ ಎಂದೆ. ಮನೆಗೆ ಬಂದು ಅದನ್ನೇ ದೊಡ್ಡ ಜೋಕು ಅನ್ನುವ ಹಾಗೆ ಹೇಳಿದೆ: ಆ ಕುರ್ಚಿಯಲ್ಲಿ ಕೂತರೆ ಬೋರು ಹೊಡೆದೇ ಸಾಯುತ್ತೇನೆ ಅಂತ.

ಅವಳು ಕೂಗಲಿಲ್ಲ. ಒಳಗೆ ಹೋಗಿ, ಕಪಾಟಿನಿಂದ ತನ್ನ ಬಟ್ಟೆ ತೆಗೆದು ಚೀಲಕ್ಕೆ ತುಂಬತೊಡಗಿದಳು. ಅಣ್ಣನ ಮನೆಗಂತೆ. ಎಷ್ಟು ದಿನಕ್ಕೆ ಅಂದರೆ ಇನ್ನೆರಡು ಸೀರೆ ತುರುಕಿದಳು. ಗೋಡೆ ಎಷ್ಟು ದಪ್ಪ ಇದೆ ಗೊತ್ತಾ, ನನಗೇನೂ ಆಗಲ್ಲ ಅಂತ ಹಳೇ ರಾಗ ಎಳೆದೆ.

"ನಿಮಗೆ ಗೋಡೆ ಇದೆ ರೀ," ಅಂದಳು, ಬಟ್ಟೆ ಮಡಿಸುತ್ತಲೇ. "ದಿನಾ ಸಂಜೆ ನೀವು ಬರೋವರೆಗೂ ಬಾಗಿಲು ನೋಡ್ತಾ ಕೂತಿರ್ತೀನಲ್ಲ, ನನಗೆ ಯಾವ ಗೋಡೆ ಇದೆ?"

ನನ್ನ ಕಾಲು ಆಗಲೇ ಅಭ್ಯಾಸಬಲದಿಂದ ಚಪ್ಪಲಿ ಹುಡುಕುತ್ತಿತ್ತು. ಅದಕ್ಕೊಂದು ಬೈದು, ಹೋಗಿ ಮಂಚದ ಮೇಲೆ ಚೀಲದ ಪಕ್ಕ ಕೂತೆ. ಅಲ್ಲಿಂದಲೇ ಸಾಹೇಬರಿಗೆ ಫೋನ್ ಮಾಡಿ, ಆ ಕುರ್ಚಿ ನನಗೇ ಇರಲಿ ಸಾರ್ ಎಂದೆ. ನೋಡೋಣ ಎಂದರು.

ಅವಳು ಚೀಲ ಬಿಚ್ಚಲಿಲ್ಲ, ಹೊರಡಲೂ ಇಲ್ಲ. ಅದರ ಆಚೆ ಪಕ್ಕ ಕೂತಳು. ಸಿಡಿದರೆ ಸಿಡಿಯಲಿ ಅಂತ ನಾನೂ ಏಳಲಿಲ್ಲ.