ಚಾಕ್‌ಪೀಸಿನಲ್ಲಿ ಬರೆದ ವಯಸ್ಸು

ಕಾರ್ಕಳದ ಬಸ್ ಸ್ಟ್ಯಾಂಡಿನಿಂದ ಆನೆಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ‘ಸೋನಿಯಾ ಟೈಲರಿಂಗ್’ ಎಂಬ ಬೋರ್ಡು ಇತ್ತು. ಸೋನಿಯಾ ಎಂದರೆ ಮಗಳು. ಅವಳು ಮದುವೆಯಾಗಿ ಕಾಪುವಿಗೆ ಹೋಗಿ ಎರಡು ವರ್ಷವಾಗಿತ್ತು. ಅಲ್ಲಿ ಕೂತು ಹೊಲಿಯುತ್ತಿದ್ದವರು ತಾಯಿ ಆಂಜೆಲಾ, ಊರಿಗೆಲ್ಲ ಆಂಜೆಲಾ ಬಾಯಿ. ಕಾರ್ಕಳದಲ್ಲಿ ಟೈಲರುಗಳಿಗೇನೂ ಬರಗಾಲವಿರಲಿಲ್ಲ, ಆದರೂ ಮಕ್ಕಳ ಬಟ್ಟೆ ಎಂದರೆ ಬಾಯಿಯೇ ಆಗಬೇಕು. ಮಗುವನ್ನು ಮನೆಯಲ್ಲಿ ಬಿಟ್ಟು ಬಂದು ‘ಏಳು ವರ್ಷದ ಹುಡುಗಿಗೆ ಒಂದು ಫ್ರಾಕು’ ಎಂದವರಿಗೆ ಅಲ್ಲಿ ಮಂಗಳಾರತಿ ಗ್ಯಾರಂಟಿ.

“ಏಳು ವರ್ಷ ಅಂದರೆ ಎಷ್ಟು ಇಂಚು? ನನಗೆ ವರ್ಷ ಹೊಲಿಯಲಿಕ್ಕೆ ಬರುವುದಿಲ್ಲ. ಮಗುವನ್ನು ಕರೆದುಕೊಂಡು ಬನ್ನಿ.”

ಬಂದ ಮಗುವನ್ನು ಎದುರು ನಿಲ್ಲಿಸಿ, ಟೇಪು ಹಿಡಿದು, ಹೆಗಲಿನಿಂದ ಮೊಣಕಾಲಿನವರೆಗೆ ಅಳೆದು, ಕೊನೆಗೆ ಅಂಚಿನಲ್ಲಿ ಒಂದಿಂಚು ಬಟ್ಟೆಯನ್ನು ಒಳಗೆ ಮಡಚಿ ಹೊಲಿಯುವರು. ಮಗು ಬೆಳೆದಾಗ ಬಿಚ್ಚಿ ಬಿಡಲಿಕ್ಕೆ ಅದು. ಬಾಯಿ ಹೊಲಿದ ಯೂನಿಫಾರ್ಮು ಎರಡು ವರ್ಷ ಬಾರದಿದ್ದರೆ ಕೇಳಿ.

ಉಡುಪಿಯ ರೆಡಿಮೇಡ್ ಅಂಗಡಿಗಳು ದೊಡ್ಡದಾಗುತ್ತ ಬಂದ ಹಾಗೆ ಹೊಲಿಗೆ ಸ್ವಲ್ಪ ಇಳಿಯಿತು. ಅದೇ ಹೊತ್ತಿಗೆ ಗಂಡ ಪಾಸ್ಕಲ್ ಮಸ್ಕತ್ತಿನ ಕೆಲಸ ಬಿಟ್ಟು ಬಂದರು. ಬರುವಾಗ ಎರಡು ಟಿ.ವಿ.ಯನ್ನೂ ಎರಡು ವಿಡಿಯೋ ಗೇಮಿನ ಪೆಟ್ಟಿಗೆಯನ್ನೂ ತಂದರು. ಅಂಗಡಿಯ ನಡುವೆ ಪರದೆ ಬಿತ್ತು. ಪರದೆಯ ಈಚೆ ಹೊಲಿಗೆ ಮಿಷಿನಿನ ಸದ್ದು, ಆಚೆ ಕತ್ತಿ ಗುರಾಣಿಗಳ ಸದ್ದು. ಮಕ್ಕಳಿಗೆ ಹುಚ್ಚು ಹಿಡಿಸಲು ಹೊರಟಿದ್ದಾರೆ ಎಂದು ನಾಲ್ಕು ಜನ ಗೊಣಗಿದರು. ಬಾಯಿಯ ಕಟ್ಟುನಿಟ್ಟು ನೋಡಿದ ಮೇಲೆ ಆ ನಾಲ್ವರೇ ಮಕ್ಕಳನ್ನು ತಂದು ಬಿಟ್ಟು ಪೇಟೆಗೆ ಹೋಗತೊಡಗಿದರು.

ಡಿಸ್ಕುಗಳು ಬರುತ್ತಿದ್ದದ್ದು ಮಣಿಪಾಲದಿಂದ. ಅಲ್ಲಿನ ಕಾಲೇಜು ಹುಡುಗರು ಆಡಿ ಮುಗಿಸಿದ್ದನ್ನು ಪಾಸ್ಕಲ್ ಚೀಲದಲ್ಲಿ ತುಂಬಿಕೊಂಡು ತರುವರು. ಪ್ರತಿ ಡಬ್ಬಿಯ ಮೂಲೆಯಲ್ಲೂ ಒಂದು ಅಂಕೆ ಇತ್ತು, ಇಷ್ಟು ವಯಸ್ಸಿನ ಮೇಲಿನವರಿಗೆ ಎಂದು.

“ಇದನ್ನು ಬರೆದವರು ನಮ್ಮ ಮಕ್ಕಳನ್ನು ನೋಡಿದ್ದಾರಾ?” ಎಂದು ಬಾಯಿ ಮೊದಲ ದಿನವೇ ಕೇಳಿದರು.

“ಎಲ್ಲಿಂದ ನೋಡಬೇಕು! ಅವರು ಇರುವುದು ಯಾವುದೋ ದೇಶದಲ್ಲಿ.”

“ಹಾಗಾದರೆ ಇದು ರೆಡಿಮೇಡ್,” ಎಂದು ಬಾಯಿ ಡಬ್ಬಿಯನ್ನು ತಿರುಗಿಸಿ ಇಟ್ಟರು.

ಅಂದಿನಿಂದ ಶುರುವಾಯಿತು ನೋಡಿ. ಊಟವಾದ ಮೇಲೆ ಅಂಗಡಿಯ ಶಟರನ್ನು ಅರ್ಧ ಎಳೆದು, ಮೂರು ಗಂಟೆಯವರೆಗೆ ಬಾಯಿ ಟಿ.ವಿ. ಮುಂದೆ ಕೂರುವರು. ನಲವತ್ತೆಂಟರ ವಯಸ್ಸು, ಮೂಗಿನ ಮೇಲೆ ಹೊಲಿಗೆಯ ಕನ್ನಡಕ, ಕೈಯಲ್ಲಿ ಗೇಮಿನ ರಿಮೋಟು. ಮೊದಲ ವಾರ ಒಂದೇ ಹೊಂಡಕ್ಕೆ ನಲವತ್ತು ಸಲ ಬಿದ್ದರು. ಪಾಸ್ಕಲ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ತಿಂಗಳು ಪಾಸ್ಕಲ್ ದಾಟಲಾರದ ಹೊಂಡವನ್ನು ಬಾಯಿ ದಾಟಿದರು, ಆಮೇಲೆ ಪಾಸ್ಕಲ್ ನಗುವುದನ್ನು ಬಿಟ್ಟರು. ಮೂವತ್ತು ವರ್ಷ ಸೂಜಿ ಹಿಡಿದ ಬೆರಳುಗಳು ಸುಮ್ಮನೆ ಸೋಲುತ್ತವೆಯೇ?

ಪ್ರತಿ ಗೇಮನ್ನೂ ಕೊನೆಯವರೆಗೆ ಆಡುವುದು, ಆಮೇಲೆ ಡಬ್ಬಿಯ ಬೆನ್ನಿನ ಮೇಲೆ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಲ್ಲಿ ತನ್ನದೇ ಅಂಕೆ ಬರೆಯುವುದು. ಇದು ಬಾಯಿಯ ಕಾನೂನು. ಪೆನ್ನಿನಲ್ಲಿ ಯಾಕೆ ಬರೆಯುವುದಿಲ್ಲ ಎಂದರೆ, ಚಾಕ್‌ಪೀಸಾದರೆ ಅಳಿಸಬಹುದು ಎನ್ನುವರು. ಒಂದು ವರ್ಷದೊಳಗೆ ‘ಬಾಯಿ ಎಷ್ಟು ಬರೆದಿದ್ದಾರೆ?’ ಎನ್ನುವುದು ಪೇಟೆಯ ಮಾತಾಯಿತು. ಮನೆಯಲ್ಲಿ ಕಂಪ್ಯೂಟರ್ ಇದ್ದವರೂ ಡಿಸ್ಕು ತಂದು ತೋರಿಸಿ ಅಂಕೆ ಹಾಕಿಸಿಕೊಂಡು ಹೋಗುತ್ತಿದ್ದರು. ಅದರ ಬಗ್ಗೆ ಬಾಯಿಗೆ ಒಳಗೊಳಗೇ ಜಂಬವಿತ್ತು. ಇರಬೇಕಾದದ್ದೇ.

ಎರಡು ಸಾವಿರದ ನಾಲ್ಕರ ಮೇ ತಿಂಗಳಲ್ಲಿ ಒಂದು ಹೊಸ ಗೇಮು ಬಂತು. ಮಕ್ಕಳು ಅದಕ್ಕೆ ‘ಏಳು ಬಾಗಿಲಿನ ಕೋಟೆ’ ಎಂದು ತಾವೇ ಹೆಸರಿಟ್ಟರು. ಕತ್ತಿ ಹಿಡಿದ ಹುಡುಗಿಯೊಬ್ಬಳು ಮಾಟದ ಕೋಟೆಯೊಂದರ ಏಳು ಬಾಗಿಲು ದಾಟಬೇಕು. ಜೊತೆಗೆ ಒಬ್ಬ ಮುದುಕ, ಕಲ್ಲು ಕೆಲಸದವನು. ಗೋಡೆ ಅಡ್ಡ ಬಂದರೆ ಒಡೆಯುತ್ತಾನೆ, ಕಣಿವೆ ಬಂದರೆ ಸೇತುವೆ ಕಟ್ಟುತ್ತಾನೆ. ಅವನು ಮಕ್ಕಳ ಬಾಯಲ್ಲಿ ಕಲ್ಲಜ್ಜನಾದ. ಡಬ್ಬಿಯ ಮೇಲಿದ್ದ ಅಂಕೆ ಹನ್ನೆರಡು.

ಬಾಯಿ ಆಡಿದರು. ಕೋಡಿನ ರಕ್ಕಸ ಬಂದ, ಬೆಂಕಿ ಉಗುಳುವ ಹಕ್ಕಿ ಬಂತು. ಬಾಯಿಗೆ ನಗು. ಇಲ್ಲಿನ ಮಕ್ಕಳು ಬಯಲಾಟದಲ್ಲಿ ಇದಕ್ಕಿಂತ ದೊಡ್ಡ ಕೋಡಿನ ರಕ್ಕಸ ಎದುರೇ ಅಬ್ಬರಿಸುವಾಗ ಅಮ್ಮನ ಮಡಿಲಲ್ಲಿ ಕಡಲೆ ತಿನ್ನುತ್ತ ಕೂತವರು. ಇದಕ್ಕೆ ಹನ್ನೆರಡು ವರ್ಷ ಯಾಕೆ?

ಐದು ಬಾಗಿಲು ದಾಟುವಷ್ಟರಲ್ಲಿ ಮೇ ಹದಿನೈದು. ಶಾಲೆ ತೆರೆಯಲು ಎರಡು ವಾರ ಇರುವಾಗ ಟೈಲರ ಮನೆಯಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಯೂನಿಫಾರ್ಮಿನ ಬಟ್ಟೆ ಮೇಜಿನ ಮೇಲಿಂದ ನೆಲಕ್ಕೆ, ನೆಲದಿಂದ ಪರದೆಯ ಆಚೆಗೂ ಹರಡಿತು. ರಜೆಯಲ್ಲಿದ್ದ ಮಕ್ಕಳು ದಿನಾ ಬಂದು ಕೋಟೆ ಬೇಕು ಎಂದು ಪೀಡಿಸತೊಡಗಿದರು. ಐದು ಬಾಗಿಲು ಹೀಗಿದ್ದ ಮೇಲೆ ಇನ್ನೆರಡು ಬೇರೆಯೇನಿರುತ್ತದೆ ಎಂದುಕೊಂಡು, ಕತ್ತರಿ ಹಿಡಿದ ಕೈಯಲ್ಲೇ ಬಾಯಿ ಚಾಕ್‌ಪೀಸು ತೆಗೆದುಕೊಂಡು ‘8’ ಎಂದು ಬರೆದುಬಿಟ್ಟರು.

ಅದನ್ನು ಎಲ್ಲರಿಗಿಂತ ಚೆನ್ನಾಗಿ ಆಡಿದವಳು ಅನ್ನಪೂರ್ಣ. ಒಂಬತ್ತು ವರ್ಷದ ಹುಡುಗಿ. ತಂದೆ ಸಂಗಮೇಶ ಬಾಗಲಕೋಟೆಯ ಕಡೆಯಿಂದ ಬಂದು ಇಲ್ಲಿ ಕಲ್ಲು ಕಟ್ಟುವ ಕೆಲಸ ಮಾಡುತ್ತಿದ್ದವನು. ಆಗ ಹೆಬ್ರಿಯ ದಾರಿಯಲ್ಲಿ ಒಂದು ಕಲ್ಲುಕಮಾನಿನ ಸೇತುವೆ ಏಳುತ್ತಿತ್ತು. ಅವನಿಗೆ ಕೆಲಸ ಅಲ್ಲೇ, ಮಳೆ ಬಲಿಯುವ ಮೊದಲು ಮುಗಿಸಬೇಕಿತ್ತು. ಅನ್ನಪೂರ್ಣ ಮನೆಯಲ್ಲಿ ಅಪ್ಪನ ಭಾಷೆ ಆಡಿದರೂ ಹೊರಗೆ ಅಪ್ಪಟ ಕಾರ್ಕಳದವಳು. ಯಾವ ರಕ್ಕಸ ಬಂದರೂ ಕಣ್ಣು ಮಿಟುಕಿಸಿದವಳಲ್ಲ. ಒಂದು ಸಂಜೆ ಅವಳು ಅರ್ಧಕ್ಕೇ ರಿಮೋಟನ್ನು ಕೆಳಗಿಟ್ಟು ಎದ್ದು ಹೋದಳು. ಬಾಯಿ ಗುಂಡಿಯ ಕಾಜಾ ಹೊಲಿಯುತ್ತಿದ್ದರು, ಕತ್ತೆತ್ತಿ ನೋಡಲಿಲ್ಲ.

ನಾಲ್ಕನೆಯ ದಿನ ಸಂಗಮೇಶ ಅಂಗಡಿಯ ಮೆಟ್ಟಿಲ ಬಳಿ ಬಂದು ನಿಂತ.

“ಅಕ್ಕಾರ, ನಮ್ಮ ಹುಡುಗಿಗೆ ಏನ್ ತೋರಿಸೀರಿ? ಮೂರ ದಿನ ಆತ್ರೀ, ನನ್ನ ಕೆಲಸಕ್ಕ ಹೋಗಾಕ ಬಿಡವಲ್ಲಳು. ಸೈಕಲ್ ಹಿಡಕೊಂಡು ಕುಂತಬಿಡ್ತಾಳ. ಸೇತುವೆ ಬೀಳತೈತಿ, ಹೋಗಬ್ಯಾಡ ಅಂತಾಳ.”

ಅವನು ಜಗಳಕ್ಕೆ ಬಂದಿರಲಿಲ್ಲ, ಅದೇ ಬಾಯಿಗೆ ಹೆಚ್ಚು ನೋವಾಯಿತು. ಅವನು ಹೋದ ಮೇಲೆ ಶಟರು ಎಳೆದು, ಗಿರಾಕಿಗಳನ್ನು ಹೊರಗೇ ನಿಲ್ಲಿಸಿ, ಆರನೆಯ ಬಾಗಿಲನ್ನು ಆಡಿದರು. ಅಲ್ಲಿ ಕಣಿವೆಯ ಮೇಲೆ ಕಲ್ಲಜ್ಜ ಕಟ್ಟಿದ ಕಮಾನು ಬಿರಿಯುತ್ತದೆ. ಹುಡುಗಿ ದಾಟಲಿ ಎಂದು ಅವನು ಕೆಳಗೆ ನಿಂತು ಹೆಗಲು ಕೊಡುತ್ತಾನೆ. ಅವಳು ದಾಟಿದ ಕೂಡಲೇ ಸೇತುವೆಯೂ ಅವನೂ ಒಟ್ಟಿಗೆ ಕೆಳಗೆ ಹೋಗುತ್ತಾರೆ. ಬಾಯಿ ಐದು ಸಲ ಆಡಿ ನೋಡಿದರು. ಏನು ಮಾಡಿದರೂ ಅಜ್ಜನನ್ನು ಉಳಿಸಲು ಆಗುವುದಿಲ್ಲ, ಗೇಮು ಮಾಡಿದ್ದೇ ಹಾಗೆ. ಏಳನೆಯದನ್ನೂ ಮುಗಿಸಿದರು, ಅದರಲ್ಲಿ ಇನ್ನಷ್ಟು ರಕ್ಕಸರು, ಅಷ್ಟೇ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಸುದ್ದಿ ಊರೆಲ್ಲ ಹಬ್ಬಿ, ಶಾಲೆ ತೆರೆದ ವಾರವೇ ಶಾಲೆಯವರು ಹೆತ್ತವರ ಸಭೆ ಕರೆದರು. ಸಭೆಗೆ ದೊಡ್ಡವರು ಲೀಲಾಧರ ಮಾಷ್ಟ್ರು, ರಿಟೈರಾದರೂ ಊರಿನ ಮಕ್ಕಳ ಮೇಲಿನ ಹಿಡಿತ ಬಿಡದವರು. ಬಾಯಿಯ ಪರದೆಯ ಆಚೆಗೆ ಶಾಲೆಯ ಮಕ್ಕಳು ಯಾರೂ ಹೋಗಕೂಡದು ಎಂದು ಅವತ್ತು ತೀರ್ಮಾನವಾಗುವುದೆಂದು ಎಲ್ಲರಿಗೂ ಗೊತ್ತಿತ್ತು. ಬಾಯಿಗೆ ಪರದೆ ಹೋಗುವ ಚಿಂತೆಗಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಮಕ್ಕಳ ಅಳತೆಯಲ್ಲಿ ಆಂಜೆಲಾ ಬಾಯಿ ತಪ್ಪುವುದಿಲ್ಲ ಎಂಬ ಮೂವತ್ತು ವರ್ಷದ ಮಾತು ಅವತ್ತೇ ಮುಗಿಯುವುದರಲ್ಲಿತ್ತು.

“ಹುಡುಗಿ ಕೇಳದೆ ಹಾಕಿಕೊಂಡಳು ಅಂತ ಹೇಳಿದರಾಯಿತು,” ಎಂದರು ಪಾಸ್ಕಲ್, ಹೊರಡುವಾಗ.

ಬಾಯಿ ತಿರುಗಿ ನೋಡಿದ ನೋಟಕ್ಕೆ ಪಾಸ್ಕಲ್ ಅಲ್ಲೇ ಕುರ್ಚಿಯಲ್ಲಿ ಕೂತರು. “ಅಳತೆ ತಪ್ಪಿದ್ದು ನಾನು. ಅಂಗಿ ಬಿಗಿಯಾಯಿತು ಅಂತ ಮಗುವಿನ ಮೈಯನ್ನು ಬೈಯಲಿಕ್ಕೆ ಆಗ್ತದಾ?”

ಸಭೆಯಲ್ಲಿ ಮಾಷ್ಟ್ರು ಡಬ್ಬಿಯನ್ನು ಎತ್ತಿ ಹಿಡಿದರು.

“ಬಾಯಿ, ಇಲ್ಲಿ ಹನ್ನೆರಡು ಅಂತ ಉಂಟು. ಹಿಂದೆ ನೀವು ಎಂಟು ಅಂತ ಬರೆದಿದ್ದೀರಿ. ಹೌದಾ, ಅಲ್ವಾ?”

“ಹೌದು ಮಾಷ್ಟ್ರೇ.”

“ಎಂತಕ್ಕೆ?”

“ಪೂರ್ತಿ ಆಡದೆ ಬರೆದೆ. ಯೂನಿಫಾರ್ಮಿನ ಗಡಿಬಿಡಿ ಇತ್ತು. ತಪ್ಪು ನನ್ನದೇ.”

ಮಾಷ್ಟ್ರು ಇದನ್ನು ನಿರೀಕ್ಷಿಸಿರಲಿಲ್ಲ. ಬರೆದು ತಂದಿದ್ದ ಭಾಷಣ ಜೇಬಿನಲ್ಲೇ ಉಳಿಯಿತು. ಹಿಂದಿನ ಬೆಂಚಿನಲ್ಲಿದ್ದ ಚಂಪಾ ಎಂಬ ತಾಯಿ ಎದ್ದು, “ಹಾಗಾದರೆ ಹನ್ನೆರಡೇ ಸರಿ ಅಂತಾಯ್ತು ಅಲ್ವಾ ಬಾಯಿ?” ಎಂದಳು.

“ಅದೂ ಸರಿಯಿಲ್ಲ,” ಎಂದರು ಬಾಯಿ. ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತರು. “ಹನ್ನೆರಡು ಬರೆದವರು ರಕ್ಕಸನ ಕೋಡು ನೋಡಿ ಬರೆದಿರಬೇಕು. ನಾನು ಎಂಟು ಬರೆದದ್ದೂ ಅದೇ ಕೋಡು ನೋಡಿ. ಕೋಡಿಗೆ ನಮ್ಮ ಮಕ್ಕಳು ಹೆದರುವುದಿಲ್ಲ. ಅನ್ನಪೂರ್ಣ ಹೆದರಿದ್ದು ಕಲ್ಲು ಕಟ್ಟುವ ಅಜ್ಜ ಬಿದ್ದದ್ದಕ್ಕೆ. ಅವಳಪ್ಪ ಕಲ್ಲು ಕಟ್ಟುತ್ತಾನೆ. ಚಂಪಾ, ನಿನ್ನ ಮಗ ಎಂಟಕ್ಕೇ ಆಡಿ ನಗುತ್ತ ಮನೆಗೆ ಬಂದ. ಅನ್ನಪೂರ್ಣಳಿಗೆ ಹದಿನಾಲ್ಕಾದರೂ ಅದು ಚುಚ್ಚುತ್ತದೆ. ಅಂಗಿಯ ಮೇಲೆ ನಂಬರ್ ಇರ್ತದೆ. ಬೇಡ ಅನ್ನುವುದಿಲ್ಲ, ಅಂದಾಜಿಗೆ ಬೇಕು. ಮಗುವನ್ನು ನಿಲ್ಲಿಸಿ ಅಳೆಯುವ ಕೆಲಸ ಅದು ಮಾಡುವುದಿಲ್ಲ, ನಾವೇ ಮಾಡಬೇಕು. ಈ ಸಲ ನಾನು ಮಾಡಲಿಲ್ಲ.”

“ಹಾಗಾದರೆ ಎಷ್ಟು ಬರೆಯುವುದು, ಅದನ್ನು ಹೇಳಿ ಮಾರಾಯ್ರೆ,” ಎಂದರು ಮಾಷ್ಟ್ರು.

“ಭಾನುವಾರ ಹೇಳುತ್ತೇನೆ. ನೀವೂ ಬನ್ನಿ. ಆಮೇಲೂ ಬೇಡ ಎಂದರೆ ಪರದೆ ಬಿಚ್ಚಿ ತಲೆದಿಂಬಿನ ಕವರು ಹೊಲಿಯುತ್ತೇನೆ.”

ಅದೇ ಸಂಜೆ ಬಾಯಿ ಸಂಗಮೇಶನ ಬಿಡಾರಕ್ಕೆ ನಡೆದು ಹೋದರು. ಅನ್ನಪೂರ್ಣ ಸೈಕಲ್ಲಿನ ಪಕ್ಕದಲ್ಲೇ ಕೂತಿದ್ದಳು. ಬಾಯಿ ಅವಳ ಹತ್ತಿರ ನೆಲದ ಮೇಲೆ ಕೂತು, “ನಾನು ನೋಡದೆ ನಿನಗೆ ಕೊಟ್ಟೆ ಮಗಾ, ತಪ್ಪಾಯಿತು,” ಎಂದರು. “ಭಾನುವಾರ ಅಪ್ಪನನ್ನು ಕರೆದುಕೊಂಡು ಬಾ. ನೀನು ಆಡಬೇಕೆಂದಿಲ್ಲ. ಬೇಡವೆನ್ನಿಸಿದರೆ ಹಾಗೇ ಎದ್ದು ಹೋಗು.” ಅದಕ್ಕೆ ಅನ್ನಪೂರ್ಣ ಆಗಲಿ ಎಂದು ತಲೆಯಾಡಿಸಿದಳು.

ಭಾನುವಾರ ಬಾಯಿ ಇಗರ್ಜಿಯ ಪೂಜೆ ಮುಗಿಸಿ ನೇರ ಅಂಗಡಿಗೆ ಬಂದರು. ಪರದೆಯ ಆಚೆ ನಾಲ್ಕು ಸ್ಟೂಲು, ಒಂದರಲ್ಲಿ ಮಾಷ್ಟ್ರು ಸಾಕ್ಷಿ ಹೇಳಲು ಬಂದವರ ಹಾಗೆ ಬಿಗಿಯಾಗಿ ಕೂತಿದ್ದರು. ಸಂಗಮೇಶ ತೊಳೆದ ಅಂಗಿ ಹಾಕಿಕೊಂಡು ಮಗಳ ಬದಿಯಲ್ಲಿ ಕೂತ. ರಿಮೋಟನ್ನು ಮೊದಲು ಬಾಯಿಯೇ ಹಿಡಿದರು. ಆರನೆಯ ಬಾಗಿಲು ತೆರೆಯಿತು, ಕಣಿವೆ ಬಂತು. ಅನ್ನಪೂರ್ಣ ಅಪ್ಪನ ತೋಳನ್ನು ಎರಡೂ ಕೈಯಲ್ಲಿ ಹಿಡಿದಳು. ಬಾಯಿ ಅದನ್ನು ಓರೆಗಣ್ಣಿನಿಂದ ನೋಡಿದರು. ಈ ಅಳತೆಯೂ ತಪ್ಪಿದರೆ ಆ ಮಗುವಿಗೆ ಏನು ಹೇಳುವುದು?

ಕಲ್ಲಜ್ಜ ಕಮಾನು ಕಟ್ಟಿದ. ಸಂಗಮೇಶ ಮುಂದಕ್ಕೆ ಬಾಗಿ ನೋಡಿದ.

“ಏ, ತಡೀರಿ ಅಕ್ಕಾರ. ನಿಂದ್ರಸ್ರಿ ಅದನ್ನ.”

ಬಾಯಿ ನಿಲ್ಲಿಸಿದರು. ಸಂಗಮೇಶ ಎದ್ದು ಟಿ.ವಿ.ಯ ಹತ್ತಿರ ಹೋಗಿ ಗಾಜಿನ ಮೇಲೆ ಬೆರಳಿಟ್ಟ. ಇಷ್ಟು ದಿನ ಮೆಟ್ಟಿಲ ಕೆಳಗೆ ನಿಂತೇ ಮಾತಾಡುತ್ತಿದ್ದವನ ಧ್ವನಿ ಈಗ ಬೇರೆಯೇ ಆಗಿತ್ತು.

“ಇಂವ ಎಂಥಾ ಕಲ್ಲಕೆಲಸದಾಂವ್ರೀ? ನಡುವಿನ ಬಿಗಿ ಕಲ್ಲು ಎಲ್ಲೈತಿ? ಅದನ್ನ ಕೂಡಿಸದ ಕಮಾನು ನಿಂದ್ರತೈತೇನು? ಕೆಳಗ ಸೆಂಟ್ರಿಂಗ್ ಕಟ್ಟಿಗಿ ಒಂದೂ ಕೊಟ್ಟಿಲ್ಲ. ಹೆಗಲು ಕೊಡ್ತಾನಂತ ಹೆಗಲು! ನಮ್ಮ ಮೇಸ್ತ್ರಿ ಆಗಿದ್ರ ಇಂವನ್ನ ಮೊದಲನೇ ದಿನಾನ ಮನಿಗೆ ಕಳಸ್ತಿದ್ದ.” ಮಗಳ ಕಡೆ ತಿರುಗಿದ. “ಅನ್ನೂ, ನಿಮ್ಮಪ್ಪ ಕಟ್ಟಿದ ಕಮಾನಿನ ಮ್ಯಾಲೆ ಆನಿ ಹೋಗಬೇಕು, ತಿಳೀತಿಲ್ಲೋ? ಲಾರಿ ಹಾಯಿಸಿ ನೋಡೇವಿ. ಒಂದ ಹರಳ ಉದುರಿಲ್ಲ.”

ಅನ್ನಪೂರ್ಣ ಅಪ್ಪನ ಮುಖವನ್ನೂ ಟಿ.ವಿ.ಯನ್ನೂ ನೋಡಿದಳು. ಎದ್ದು ಹೋಗಿ ಅಪ್ಪ ಬೆರಳಿಟ್ಟ ಜಾಗವನ್ನು ತಾನೂ ಮುಟ್ಟಿದಳು. “ಇಲ್ಲಿ ಕಲ್ಲು ಬೇಕಿತ್ತಾ?” ಎಂದು ಕೇಳಿದಳು. ಆಮೇಲೆ ಬಂದು ಬಾಯಿಯ ಕೈಯಿಂದ ರಿಮೋಟು ತೆಗೆದುಕೊಂಡಳು. ಕತ್ತಿ ಹಿಡಿದ ಹುಡುಗಿ ಸೇತುವೆ ದಾಟಿದಳು. ಕಲ್ಲಜ್ಜ ಸೇತುವೆಯ ಜೊತೆಗೇ ಕೆಳಗೆ ಹೋದ. ಅನ್ನಪೂರ್ಣಳ ಕಣ್ಣು ತುಂಬಿತು, ಆದರೆ ಅವಳು ರಿಮೋಟು ಬಿಡಲಿಲ್ಲ.

“ಪಾಪ ಅಜ್ಜ,” ಎಂದಳು. “ನಮ್ಮಪ್ಪನ ಹತ್ತಿರ ಕೆಲಸ ಕಲಿತು ಬರಬೇಕಿತ್ತು.”

ಸಂಗಮೇಶ ಮುಖ ಆಚೆ ತಿರುಗಿಸಿ ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿಕೊಂಡ. ಬಾಯಿಗಂತೂ ಹೊಲಿಗೆ ಕಲಿತ ದಿನದಿಂದ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ. ತನ್ನ ಮೇಲೆ ಸ್ವಲ್ಪ, ಮಿಕ್ಕಿದ್ದೆಲ್ಲ ಆ ಕಲ್ಲುಕೆಲಸದವನ ಮೇಲೆ.

ಅವರು ಡಬ್ಬಿಯನ್ನು ತಿರುಗಿಸಿ ಎಂಟನ್ನು ಹೆಬ್ಬೆರಳಿನಿಂದ ಅಳಿಸಿದರು. ಚಾಕ್‌ಪೀಸು ಹುಡುಕಿ, ‘ಮನೆಯವರು ಬದಿಯಲ್ಲಿ ಕೂತುಕೊಳ್ಳಬೇಕು’ ಎಂದು ಬರೆದು ಮಾಷ್ಟ್ರ ಕೈಗೆ ಕೊಟ್ಟರು. ಮಾಷ್ಟ್ರು ಓದಿದರು. ಓದಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, “ಪರದೆ ಇರಲಿ ಬಾಯಿ,” ಎಂದರು. ಆಮೇಲೆ ಸ್ಟೂಲನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು, ಏಳನೆಯ ಬಾಗಿಲಿನಲ್ಲಿ ಎಂತ ಉಂಟು ಎಂದು ಅನ್ನಪೂರ್ಣಳನ್ನು ಕೇಳಿದರು.

ಮರುದಿನ ಬೆಳಿಗ್ಗೆ ಆರೂವರೆಗೆ ಸಂಗಮೇಶ ಅಂಗಡಿಯ ಮುಂದಿನಿಂದ ಹೆಬ್ರಿಯ ದಾರಿ ಹಿಡಿದು ಹೋದ. ಸೈಕಲ್ಲನ್ನು ಬಿಡಾರದಿಂದ ಮುಖ್ಯರಸ್ತೆಯವರೆಗೆ ತಳ್ಳಿಕೊಂಡು ಬಂದು ಕೊಟ್ಟವಳು ಅನ್ನಪೂರ್ಣ.