ಪಾಟೀಲರ ಹೊಸ ಸ್ಕೂಟರ್

ಧಾರವಾಡದಲ್ಲಿ ನನಗೆ ನೌಕರಿಯ ಸಂದರ್ಶನವಿತ್ತು. ನಮ್ಮೂರು ದಾಂಡೇಲಿಯಿಂದ ಹೊರಡುವ ಬಸ್ಸು ತಪ್ಪಿತು. "ಹಳಿಯಾಳದಾಗ ಇನ್ನೊಂದು ಸಿಗತೈತಿ, ಕೂಡ್ರಿ" ಎಂದು ನೆರೆಮನೆಯ ಪಾಟೀಲರು ತಮ್ಮ ಹೊಸ ಸ್ಕೂಟರ್ ಹತ್ತಿಸಿಕೊಂಡರು.

ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋದ.

"ಸ್ವಲ್ಪ ಜೋರು ಬಿಡ್ರಿ."

"ಹೊಸಾ ಇಂಜಿನ್ ರೀ. ಬಾಣಂತಿ ಇದ್ದಂಗ, ದಣಿಸಬಾರದು."

ಅದರ ದಣಿವಾರಿಸಲು ಕಾಡಿನಲ್ಲಿ ನಿಂತೆವು. ಮಳೆ ಬಂತು. ಪಾಟೀಲರು ತಮ್ಮ ರೇನ್‌ಕೋಟ್ ಬಿಚ್ಚಿ ಸ್ಕೂಟರಿಗೆ ಹೊದಿಸಿದರು.

"ನಮ್ಮ ಗತಿ?"

"ನಮಗೇನು ತುಕ್ಕು ಹಿಡೀತೈತೇನ್ರೀ?"

ಹಳಿಯಾಳ ಮುಟ್ಟುವಷ್ಟರಲ್ಲಿ ಧಾರವಾಡದ ಬಸ್ಸು ಹೋಗಿತ್ತು. ಪಾಟೀಲರು ಇಂಜಿನ್ ಮುಟ್ಟಿ, "ನೋಡ್ರಿ, ಬಿಸೀನ ಆಗಿಲ್ಲ" ಎಂದು ಸಂತೋಷಪಟ್ಟರು.

ನಾನು ದಾಂಡೇಲಿಗೆ ಬಸ್ಸಿನಲ್ಲೇ ಮರಳಿದೆ. ದಾರಿಬದಿಯಲ್ಲಿ ಪಾಟೀಲರು ಸ್ಕೂಟರ್ ಒರೆಸಿ ಮುಗಿಸುತ್ತಿದ್ದರು. ನಮ್ಮ ಬಸ್ಸು ಅದಕ್ಕೆ ಧಾರಾಳವಾಗಿ ಕೆಸರು ಸಿಡಿಸಿತು. ಡ್ರೈವರನಿಗೆ ನಾನೇನೂ ಹೇಳಿರಲಿಲ್ಲ.